ಗಣಕಕ್ಕೆ ಅಕ್ಷರಾಭ್ಯಾಸ ಮಾಡಿಸಿದ ಅಧ್ಯಾಪಿಕೆ

ಕಾವ್ಯವನ್ನು ಬರೆದವನ ಹೆಸರು ಲೋಕದಲ್ಲಿ ಉಳಿಯುತ್ತದೆ. ಆ ಕಾವ್ಯವನ್ನು ಓಲೆಯಿಂದ ಓಲೆಗೆ ಎತ್ತಿ ಬರೆದು, ತಪ್ಪುಗಳನ್ನು ತಿದ್ದಿ, ಶುದ್ಧಪಾಠವನ್ನು ನಿರ್ಣಯಿಸಿ ನಮ್ಮ ಕೈಗೆ ಮುಟ್ಟಿಸಿದವರ ಹೆಸರು ಪೀಠಿಕೆಯ ಕೊನೆಯ ಪುಟದಲ್ಲಿ ಮರೆಯಾಗಿಬಿಡುತ್ತದೆ. ಪಂಪನನ್ನು ಬಲ್ಲವರು ಅನೇಕರು. ಅವನ ಕಾವ್ಯದ ಪಾಠಾಂತರಗಳೊಡನೆ ಹೆಣಗಿದ ವಿದ್ವಾಂಸರನ್ನು ನೆನೆಯುವವರು ಬೆರಳೆಣಿಕೆಯ ಮಂದಿ. ಬರೆವಣಿಗೆಯಲ್ಲಿ ಒಂದು ದೋಷ ಕಂಡಾಗ ಅದು ಕವಿಯದೋ, ಲಿಪಿಕಾರನದೋ, ಮೊಳೆ ಜೋಡಿಸಿದವನದೋ ಎಂದು ಬೇರ್ಪಡಿಸಿ ಹೇಳುವುದು ದೊಡ್ಡದೊಂದು ವಿದ್ಯೆ. ಆ ವಿದ್ಯೆಯನ್ನು ಗಣಕಯಂತ್ರಗಳ ಪ್ರಪಂಚದಲ್ಲಿ ನೆಲೆಗೊಳಿಸಲು ತಮ್ಮ ಬಾಳಿನ ನಾಲ್ಕು ದಶಕಗಳನ್ನು ತೆತ್ತವರು ಅಮೆರಿಕಾ ದೇಶದ ಗ್ರೇಸ್ ಮರ್ರೆ ಹಾಪರ್. ಗಣಿತದ ಅಧ್ಯಾಪಿಕೆಯಾಗಿ ಜೀವನವನ್ನಾರಂಭಿಸಿ ನೌಕಾದಳದ ಅಡ್ಮಿರಲ್ ಪದವಿಯವರೆಗೆ ಏರಿದ ಈ ಮಹಿಳೆಯ ಚರಿತ್ರೆಯನ್ನು ಕನ್ನಡ ಅಧ್ಯಾಪಕನೊಬ್ಬ ಬರೆಯಹೊರಟಿರುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಅದಕ್ಕೆ ಕಾರಣವಿದೆ.

ಬೆಂಗಳೂರಿನ ಹೊರವಲಯದಲ್ಲಿ ಕನ್ನಡ ಪಾಠ ಹೇಳುವ ನನ್ನಂಥವರ ತರಗತಿಯಲ್ಲಿ ಕುಳಿತುಕೊಳ್ಳುವವರೆಲ್ಲ ಸಾಹಿತ್ಯದ ವಿದ್ಯಾರ್ಥಿಗಳಲ್ಲ. ಅವರಲ್ಲಿ ಹೆಚ್ಚಿನವರು ಗಣಕವಿಜ್ಞಾನವನ್ನೋ ವಾಣಿಜ್ಯವನ್ನೋ ಓದುತ್ತ, ಭಾಷಾಪತ್ರಿಕೆಗಾಗಿ ಮಾತ್ರ ನಮ್ಮ ಬಳಿಗೆ ಬರುವವರು. ಪದವಿ ಮುಗಿಸಿದ ಮೇಲೆ ಕೆಲವರು ವೈಟ್‌ಫೀಲ್ಡಿಗೆ, ಕೆಲವರು ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಸೇರುತ್ತಾರೆ. ಪೀಣ್ಯದ ಕಾರ್ಖಾನೆಗಳಲ್ಲಿ ಲೋಹವನ್ನು ಕೊರೆಯುವ ಯಂತ್ರಗಳಿಗೆ ಆದೇಶಗಳನ್ನು ಬರೆಯುವವರೂ ಅವರಲ್ಲಿದ್ದಾರೆ. ಆಗಾಗ ಭೇಟಿಯಾದಾಗ ಇವರು ಹೇಳಿಕೊಳ್ಳುವ ಕಷ್ಟಗಳಲ್ಲಿ ಒಂದು ನನ್ನ ಮನಸ್ಸನ್ನು ಬಹುವಾಗಿ ಸೆಳೆಯಿತು. ನೆನ್ನೆಯವರೆಗೆ ಸರಿಯಾಗಿದ್ದ ಪ್ರೋಗ್ರಾಮಿನಲ್ಲಿ ಒಂದೆರಡು ಸಾಲುಗಳನ್ನು ತಿದ್ದಿ, ಎಲ್ಲವನ್ನೂ ಹೊಸದಾಗಿ ಕಟ್ಟುತ್ತಾರಂತೆ. ಕಟ್ಟುವ ಕೆಲಸ ನಿರ್ವಿಘ್ನವಾಗಿ ಮುಗಿಯಿತೆಂದು ಯಂತ್ರವೇ ಸಾರುತ್ತದೆ. ಆದರೆ ದೋಷವನ್ನು ಹುಡುಕಲು ನೆರವಾಗುವ ಉಪಕರಣ, ಎಂದರೆ ಡೀಬಗರ್, ಆ ಕ್ಷಣದಿಂದ ಕೈಕೊಡುತ್ತದೆ. ನಿಲ್ಲು ಎಂದು ಗುರುತು ಮಾಡಿದ ಸಾಲಿನಲ್ಲಿ ಅದು ನಿಲ್ಲುವುದಿಲ್ಲ. ಅಳಿಸಿಹಾಕಿದ ಸಾಲನ್ನು ಇನ್ನೂ ಇದೆಯೆಂದು ತೋರಿಸುತ್ತದೆ. ತಿದ್ದಿದವನು ತನ್ನ ಬರೆವಣಿಗೆಯನ್ನೇ ಶಂಕಿಸುತ್ತ ರಾತ್ರಿಯೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುತ್ತಾನೆ.

ಸಾಹಿತ್ಯದವರಿಗೆ ಇದನ್ನು ಸುಲಭವಾಗಿ ತಿಳಿಸಬಹುದು. ಒಂದು ಶಾಸ್ತ್ರಗ್ರಂಥದ ಹೊಸ ಮುದ್ರಣದಲ್ಲಿ ಎರಡು ಅಧ್ಯಾಯಗಳು ಬೆಳೆದು ಪುಟಸಂಖ್ಯೆಗಳೆಲ್ಲ ಬದಲಾದವೆನ್ನಿ. ಆದರೆ ಕೊನೆಯಲ್ಲಿ ಹಳೆಯ ಮುದ್ರಣದ ಶಬ್ದಸೂಚಿಯನ್ನೇ ಹೊಲಿದುಬಿಟ್ಟರೆ ಏನಾಗುತ್ತದೆ? ಗ್ರಂಥ ನಿರ್ದುಷ್ಟ, ಸೂಚಿಯೂ ತನ್ನ ಕಾಲಕ್ಕೆ ನಿರ್ದುಷ್ಟ. ಎರಡೂ ಒಂದಕ್ಕೊಂದು ಹೊಂದದೆ ಓದುಗ ದಾರಿ ತಪ್ಪುತ್ತಾನೆ. ಮನುಷ್ಯ ಬರೆದ ಯಾವ ಸಾಲು ಯಂತ್ರದ ಯಾವ ಆದೇಶವಾಯಿತು ಎಂಬ ಸೂಚಿಯನ್ನು ಗಣಕವೂ ಇಟ್ಟುಕೊಂಡಿರುತ್ತದೆ. ಪ್ರೋಗ್ರಾಮನ್ನು ಮತ್ತೆ ಕಟ್ಟಿದಾಗ ಹಳೆಯ ಸೂಚಿಯೋ, ಹಳೆಯ ಕಟ್ಟಡದ ಒಂದು ತುಂಡೋ ಮೂಲೆಯಲ್ಲಿ ಉಳಿದುಹೋದರೆ ಈ ಅನರ್ಥ ಒದಗುತ್ತದೆ. ಇಂಥ ಸಂದರ್ಭದಲ್ಲಿ ತಪ್ಪು ಬರೆದವನಲ್ಲಿದೆಯೆ, ಬರೆದುದನ್ನು ಕಟ್ಟಿದ ಉಪಕರಣದಲ್ಲಿದೆಯೆ ಎಂದು ಕೇಳಬೇಕಾಗುತ್ತದೆ. ಹಾಪರ್ ಅವರ ಬಾಳು ಈ ಪ್ರಶ್ನೆಯ ಸುತ್ತ ಬೆಳೆದದ್ದು.

ಈಕೆ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ವಿಮಾ ವ್ಯವಹಾರದವರು. ತಾಯಿಗೆ ಗಣಿತದಲ್ಲಿ ಆಸಕ್ತಿ. ಮುತ್ತಜ್ಜ ನೌಕಾದಳದಲ್ಲಿ ಅಡ್ಮಿರಲ್ ಆಗಿದ್ದವರು. ಏಳು ವರ್ಷದ ಬಾಲಕಿಯಾಗಿದ್ದಾಗ ಬೇಸಗೆಯ ಮನೆಯಲ್ಲಿದ್ದ ಎಚ್ಚರಿಕೆಯ ಗಡಿಯಾರವೊಂದನ್ನು, ಅದು ನಡೆಯುವ ಬಗೆಯನ್ನು ತಿಳಿಯಬೇಕೆಂದು ಬಿಚ್ಚಿದಳು. ಬಿಚ್ಚಿದ್ದನ್ನು ಕೂಡಿಸುವುದು ತಿಳಿಯಲಿಲ್ಲ. ಕೂಡಿಸುವ ಬಗೆಯನ್ನು ನೋಡಿಕೊಳ್ಳಲು ಎರಡನೆಯದನ್ನು ಬಿಚ್ಚಿದಳು. ಹೀಗೆಯೇ ಮನೆಯಲ್ಲಿದ್ದ ಏಳು ಗಡಿಯಾರಗಳೂ ನೆಲದ ಮೇಲೆ ಹರಡಿಕೊಂಡವು. ತಾಯಿ ಆಕೆಯನ್ನು ಶಿಕ್ಷಿಸಲಿಲ್ಲ. ಇನ್ನು ಮುಂದೆ ಪ್ರಯೋಗಕ್ಕೆ ಒಂದೇ ಗಡಿಯಾರವೆಂದು ಕಟ್ಟು ಮಾಡಿದಳಷ್ಟೆ. ಒಡೆಯುವುದು ಸುಲಭ, ಮರಳಿ ಕಟ್ಟುವುದರಲ್ಲೇ ವಸ್ತುವಿನ ಮರ್ಮ ತಿಳಿಯುವುದೆಂಬ ಪಾಠವನ್ನು ಆ ಹುಡುಗಿ ಅಂದೇ ಕಲಿತಳೆಂದು ತೋರುತ್ತದೆ.

ವಾಸರ್ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರಗಳನ್ನು ಓದಿ 1928ರಲ್ಲಿ ಪದವಿ ಪಡೆದ ಗ್ರೇಸ್, ಯೇಲ್ ವಿಶ್ವವಿದ್ಯಾನಿಲಯದಿಂದ 1930ರಲ್ಲಿ ಎಂ.ಎ. ಪದವಿಯನ್ನೂ 1934ರಲ್ಲಿ ಗಣಿತದ ಡಾಕ್ಟರೇಟನ್ನೂ ಗಳಿಸಿದರು. ನಡುವೆ, 1930ರಲ್ಲಿ, ಸಾಹಿತ್ಯದ ಅಧ್ಯಾಪಕರಾದ ವಿನ್ಸೆಂಟ್ ಹಾಪರ್ ಅವರೊಡನೆ ವಿವಾಹವಾಯಿತು. ಆ ದಾಂಪತ್ಯ ಕೊನೆತನಕ ಉಳಿಯಲಿಲ್ಲ, 1945ರಲ್ಲಿ ವಿಚ್ಛೇದನವಾಯಿತು, ಹೆಸರು ಮಾತ್ರ ಉಳಿಯಿತು. 1931ರಿಂದ ವಾಸರ್ ಕಾಲೇಜಿನಲ್ಲೇ ಪಾಠ ಹೇಳತೊಡಗಿದ ಆಕೆಯ ಬೋಧನಕ್ರಮವನ್ನು ಅಧ್ಯಾಪಕರು ಗಮನಿಸತಕ್ಕದ್ದು. ಗಣಿತದ ಒಂದು ಸೂತ್ರವನ್ನು ಕಲಿಸಿದ ಮೇಲೆ ಅದನ್ನು ಕುರಿತು ಪ್ರಬಂಧ ಬರೆಯುವಂತೆ ವಿದ್ಯಾರ್ಥಿನಿಯರಿಗೆ ಹೇಳುತ್ತಿದ್ದರು. ಬರೆದು ತಂದ ಪ್ರಬಂಧದ ಭಾಷೆಯನ್ನೂ ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದರು. ತಾವು ಬಂದದ್ದು ಗಣಿತಕ್ಕೆ, ಇಂಗ್ಲಿಷಿಗಲ್ಲವೆಂದು ಹುಡುಗಿಯರು ಗೊಣಗಿದರೆ, ತಿಳಿದುದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳಲಾರದವರಿಗೆ ಗಣಿತದಿಂದ ಪ್ರಯೋಜನವಿಲ್ಲವೆಂದು ಮನಗಾಣಿಸುತ್ತಿದ್ದರು. ಸ್ಪಷ್ಟವಾದ ಭಾಷೆ ಸ್ಪಷ್ಟವಾದ ಆಲೋಚನೆಯ ಇನ್ನೊಂದು ಮುಖವೆಂಬ ಈ ನಂಬಿಕೆಯೇ ಮುಂದೆ ಗಣಕಯಂತ್ರದ ಇತಿಹಾಸವನ್ನು ಬದಲಿಸಿತು.

ಎರಡನೆಯ ಮಹಾಯುದ್ಧ ಆಕೆಯ ಜೀವನದ ದಿಕ್ಕನ್ನು ತಿರುಗಿಸಿತು. ನೌಕಾದಳದ ಮೀಸಲು ಪಡೆಗೆ ಸೇರಬಯಸಿದಾಗ ವಯಸ್ಸು ಮೂವತ್ತಾರು ದಾಟಿತ್ತು. ತೂಕವೋ ನಿಯಮಕ್ಕಿಂತ ಹದಿನೈದು ಪೌಂಡು ಕಡಮೆ. ವಿಶೇಷ ಅನುಮತಿ ಪಡೆದು 1943ರ ಕೊನೆಯಲ್ಲಿ ಸೇರಿ, ತರಬೇತಿಯಲ್ಲಿ ಮೊದಲ ಸ್ಥಾನ ಪಡೆದು, 1944ರ ಜುಲೈ ತಿಂಗಳಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ನಿಯುಕ್ತರಾದರು. ಅಲ್ಲಿ ಹೋವರ್ಡ್ ಐಕನ್ ಎಂಬ ಕಟುಸ್ವಭಾವದ ಮೇಧಾವಿಯ ಕೈಕೆಳಗೆ ಮಾರ್ಕ್ ಒಂದು ಎಂಬ ಬೃಹದ್ಯಂತ್ರ ಕೆಲಸ ಮಾಡುತ್ತಿತ್ತು. ಅದರ ಉದ್ದ 51 ಅಡಿ, ಎತ್ತರ 8 ಅಡಿ. ಭಾಗಗಳು ಸುಮಾರು ಏಳೂವರೆ ಲಕ್ಷ. ವೇಗವೋ ಒಂದು ಸೆಕೆಂಡಿಗೆ ಮೂರು ಸಂಕಲನ! ಇಂದು ಯಾರದೇ ಜೇಬಿನಲ್ಲಿರುವ ದೂರವಾಣಿ ಅದನ್ನು ಕೋಟಿಗಟ್ಟಲೆ ಪಟ್ಟು ಮೀರಿಸುತ್ತದೆ. ಆದರೆ ಅಂದಿನವರಿಗೆ ಅದೊಂದು ಅದ್ಭುತ. ಕಾಲಿಟ್ಟ ದಿನವೇ ಐಕನ್ ಆಕೆಗೆ ಯಂತ್ರವನ್ನು ತೋರಿಸಿ, ಒಂದು ತ್ರಿಕೋನಮಿತಿಯ ಸರಣಿಯ ಗುಣಕಗಳನ್ನು ವಾರದೊಳಗಾಗಿ ಲೆಕ್ಕಹಾಕಿ ಕೊಡಬೇಕೆಂದು ಆಜ್ಞಾಪಿಸಿದನು. ಕಲಿಸುವವರಿಲ್ಲ, ಕೈಪಿಡಿಯಿಲ್ಲ. ಹಾಪರ್ ಲೆಕ್ಕವನ್ನೂ ಮಾಡಿದರು, ಮುಂದೆ ಕೈಪಿಡಿಯನ್ನೂ ಬರೆದರು. 1946ರಲ್ಲಿ ಅಚ್ಚಾದ 561 ಪುಟಗಳ ಆ ಗ್ರಂಥವನ್ನು ಗಣಕಯಂತ್ರದ ಕೈಪಿಡಿಗಳ ಮೊದಲಿಗ ಎಂದರೂ ಸಲ್ಲುತ್ತದೆ.

ಹಾರ್ವರ್ಡಿನ ಕಾಲದಲ್ಲಿ ನಡೆದ ಒಂದು ಪ್ರಸಂಗ ಲೋಕಪ್ರಸಿದ್ಧ. 1947ರ ಸೆಪ್ಟೆಂಬರ್ 9ರಂದು ಮಾರ್ಕ್ ಎರಡು ಎಂಬ ಮುಂದಿನ ಯಂತ್ರ ತಪ್ಪು ಉತ್ತರ ಕೊಡತೊಡಗಿತು. ಪ್ರೋಗ್ರಾಮಿನಲ್ಲಿ ದೋಷವಿರಲಿಲ್ಲ. ಹುಡುಕುತ್ತ ಹೋದವರಿಗೆ 70ನೆಯ ರಿಲೇಯಲ್ಲಿ ಸಿಕ್ಕಿಬಿದ್ದು ಸತ್ತಿದ್ದ ಒಂದು ಪತಂಗ ಕಂಡಿತು. ಅದನ್ನು ಮೆಲ್ಲನೆ ಹೊರತೆಗೆದು ದಿನಚರಿಯ ಪುಟಕ್ಕೆ ಅಂಟಿಸಿ, ಗಂಟೆ ನಿಮಿಷಗಳ ಸಹಿತ ಬರೆದಿಟ್ಟರು. ಬಗ್ ಎಂಬ ಶಬ್ದ ಹುಟ್ಟಿದ್ದು ಇಲ್ಲೇ ಎಂದು ಹಲವರು ಹೇಳುವುದುಂಟು, ಅದು ಸರಿಯಲ್ಲ. ಯಂತ್ರದ ದೋಷವನ್ನು ಹುಳವೆಂದು ಕರೆಯುವ ರೂಢಿ 1878ರಷ್ಟು ಹಿಂದೆ ಎಡಿಸನ್ನನ ಬರೆಹದಲ್ಲೇ ಇದೆ. ಪತಂಗವನ್ನು ಹಿಡಿದವರು ಹಾಪರ್ ಅಲ್ಲ, ಅವರ ಸಹೋದ್ಯೋಗಿಗಳು. ಆಕೆ ಆ ಕಥೆಯನ್ನು ಜೀವನದುದ್ದಕ್ಕೂ ಹೇಳಿ ಪ್ರಸಿದ್ಧಗೊಳಿಸಿದವರು. ಆ ಕೋಣೆಯಲ್ಲಿದ್ದವರ ನಡತೆ ನಮಗೆ ಮುಖ್ಯ. ಯಂತ್ರ ನಿಂತಾಗ ಅವರು ಯಾರನ್ನೂ ದೂರಲಿಲ್ಲ; ಕಾರಣವನ್ನು ಹುಡುಕಿದರು, ಸಿಕ್ಕಿದ್ದನ್ನು ದಾಖಲೆ ಮಾಡಿದರು.

ಯುದ್ಧ ಮುಗಿದ ಮೇಲಿನ ಕೆಲವು ವರ್ಷಗಳು ಆಕೆಗೆ ಕತ್ತಲೆಯ ಕಾಲ. ದಾಂಪತ್ಯ ಮುರಿದಿತ್ತು, ಹಾರ್ವರ್ಡಿನಲ್ಲಿ ಹೆಂಗಸಿಗೆ ಕಾಯಂ ಹುದ್ದೆಯ ಭರವಸೆಯಿರಲಿಲ್ಲ, ಮದ್ಯದ ಚಟ ಆಕೆಯನ್ನು ಆವರಿಸಿ ಗೆಳೆಯರನ್ನು ಕಳವಳಗೊಳಿಸಿತ್ತು. ಚರಿತ್ರಕಾರರು ಈ ಸಂಗತಿಯನ್ನು ಮುಚ್ಚಿಟ್ಟಿಲ್ಲ. ನಾನೂ ಮುಚ್ಚಿಡುವುದು ತರವಲ್ಲ. ಮಹಾವ್ಯಕ್ತಿಗಳ ಬಾಳಿನಲ್ಲಿ ಬಿರುಕುಗಳೇ ಇರಲಿಲ್ಲವೆಂದು ವಿದ್ಯಾರ್ಥಿಗಳಿಗೆ ಹೇಳಿಕೊಡುವುದರಿಂದ ಅವರಿಗೆ ಉಪಕಾರವಾಗುವುದಿಲ್ಲ. 1949ರಲ್ಲಿ ಫಿಲಡೆಲ್ಫಿಯಾದ ಎಕರ್ಟ್-ಮಾಕ್ಲಿ ಸಂಸ್ಥೆಯನ್ನು ಸೇರಿದ ಹಾಪರ್, ಕಷ್ಟಪಟ್ಟು ತಮ್ಮ ಜೀವನವನ್ನು ಮತ್ತೆ ಕಟ್ಟಿಕೊಂಡರು. ಯೂನಿವ್ಯಾಕ್ ಎಂಬ ಹೊಸ ಗಣಕ ಅಲ್ಲಿ ಸಿದ್ಧವಾಗುತ್ತಿತ್ತು. ಸಂಸ್ಥೆ ಮರುವರ್ಷವೇ ರೆಮಿಂಗ್ಟನ್ ರ‍್ಯಾಂಡ್ ಕಂಪೆನಿಯ ವಶವಾಯಿತು. ಹಾಪರ್ ಅಲ್ಲಿಯೇ ಮುಂದುವರಿದರು.

ಅಂದಿನ ಪ್ರೋಗ್ರಾಮುಗಳಲ್ಲಿ ತಪ್ಪುಗಳು ನುಸುಳುತ್ತಿದ್ದ ಬಗೆಯನ್ನು ಕೇಳಿದರೆ ನಮ್ಮ ಗ್ರಂಥಸಂಪಾದಕರು ಮುಗುಳ್ನಗುವರು. ಪದೇ ಪದೇ ಬೇಕಾಗುವ ಲೆಕ್ಕಗಳನ್ನು, ಒಂದು ವರ್ಗಮೂಲವನ್ನೋ ತ್ರಿಕೋನಮಿತಿಯ ಬೆಲೆಯನ್ನೋ ಕಂಡುಹಿಡಿಯುವ ಆದೇಶಗಳನ್ನು, ಒಬ್ಬೊಬ್ಬರೂ ತಮ್ಮ ನೋಟುಪುಸ್ತಕಗಳಲ್ಲಿ ಬರೆದಿಟ್ಟುಕೊಂಡಿರುತ್ತಿದ್ದರು. ಬೇಕಾದವರು ಅದನ್ನು ಕಡ ತಂದು ಕೈಯಿಂದ ನಕಲು ಮಾಡಿಕೊಳ್ಳುತ್ತಿದ್ದರು. ನಕಲಿನಲ್ಲಿ ನಾಲ್ಕು ಎಂಬ ಅಂಕೆ ತ್ರಿಕೋನದ ಗುರುತಾಗುತ್ತಿತ್ತು. ಬಿ ಎಂಬ ಅಕ್ಷರ ಹದಿಮೂರಾಗುತ್ತಿತ್ತು. ಓಲೆಗರಿಯಲ್ಲಿ ಪಕಾರ ವಕಾರಗಳು ಅದಲುಬದಲಾಗಿ ಅರ್ಥ ಕೆಡುವುದನ್ನು ಕಂಡ ನಮಗೆ ಇದು ಹೊಸದಲ್ಲ. ಇನ್ನೊಂದು ತೊಡಕೂ ಇತ್ತು. ಆದೇಶಗಳ ಗುಂಪನ್ನು ಹೊಸ ಪ್ರೋಗ್ರಾಮಿನ ನಡುವೆ ಸೇರಿಸಿದಾಗ ಅದರೊಳಗಿನ ವಿಳಾಸಗಳೆಲ್ಲ ಬದಲಾಗುತ್ತವೆ. ಪ್ರತಿಯೊಂದಕ್ಕೂ ಹೊಸ ಸಂಖ್ಯೆಯನ್ನು ಕೂಡಿಸಿ ಬರೆಯಬೇಕು. ಬುದ್ಧಿವಂತರಾದ ಮನುಷ್ಯರು ನಕಲು ಮಾಡುವುದರಲ್ಲೂ ಕೂಡುವುದರಲ್ಲೂ ಬಹಳ ಅಶಕ್ತರೆಂಬುದನ್ನು ಹಾಪರ್ ಗಮನಿಸಿದರು. ತಪ್ಪು ಬರೆದವನ ಅವಿವೇಕದಿಂದಲ್ಲ, ಅವನಿಗೊಪ್ಪಿಸಿದ ಕೆಲಸದ ಸ್ವಭಾವದಿಂದ ಹುಟ್ಟುತ್ತದೆ. ನಕಲು ಮಾಡುವುದೂ ಕೂಡುವುದೂ ಯಂತ್ರಕ್ಕೆ ಸಹಜವಾದ ಕೆಲಸ. ಅದನ್ನು ಯಂತ್ರಕ್ಕೇ ಬಿಡಬೇಕು.

ಈ ವಿಚಾರದಿಂದ 1951-52ರ ಸುಮಾರಿನಲ್ಲಿ ಎ-ಸೊನ್ನೆ ಎಂಬ ಪ್ರೋಗ್ರಾಮು ಹುಟ್ಟಿತು. ಲೆಕ್ಕದ ತುಣುಕುಗಳನ್ನೆಲ್ಲ ಕಾಂತೀಯ ಸುರುಳಿಯಲ್ಲಿ ಶೇಖರಿಸಿ, ಗ್ರಂಥಾಲಯದ ಪುಸ್ತಕಗಳಿಗೆ ಹಾಕುವಂತೆ ಒಂದೊಂದಕ್ಕೂ ಒಂದು ಸಂಖ್ಯೆ ಕೊಟ್ಟರು. ಪ್ರೋಗ್ರಾಮು ಬರೆಯುವವನು ಸಂಖ್ಯೆಗಳನ್ನು ಹೇಳಿದರೆ ಸಾಕು. ತುಣುಕುಗಳನ್ನು ಹುಡುಕಿ, ತಂದು, ವಿಳಾಸ ತಿದ್ದಿ, ಒಂದಾಗಿ ಹೊಸೆಯುವ ಕೆಲಸ ಯಂತ್ರದ್ದು. ಗ್ರಂಥಾಲಯದಿಂದ ಆಯ್ದು ಸಂಕಲಿಸುವುದರಿಂದ ಅದಕ್ಕೆ ಕಂಪೈಲರ್, ಎಂದರೆ ಸಂಕಲನಕಾರ, ಎಂಬ ಹೆಸರಾಯಿತು. ನಮ್ಮಲ್ಲಿ ಹದಿಮೂರನೆಯ ಶತಮಾನದಲ್ಲಿ ಮಲ್ಲಿಕಾರ್ಜುನನು ಹಲವು ಕಾವ್ಯಗಳಿಂದ ಪದ್ಯಗಳನ್ನಾಯ್ದು ಸೂಕ್ತಿಸುಧಾರ್ಣವವನ್ನು ಸಂಕಲಿಸಿದನು. ಅವನ ಮಗ ಕೇಶಿರಾಜನು ಶಬ್ದಮಣಿದರ್ಪಣವೆಂಬ ವ್ಯಾಕರಣವನ್ನು ರಚಿಸಿದನು. ತಂದೆಯ ಸಂಕಲನಕಾರ್ಯವನ್ನೂ ಮಗನ ವ್ಯಾಕರಣಕಾರ್ಯವನ್ನೂ ಗಣಕದ ಪ್ರಪಂಚದಲ್ಲಿ ಹಾಪರ್ ಒಬ್ಬರೇ ಕೈಗೆತ್ತಿಕೊಂಡರೆಂದರೆ ಅತಿಶಯೋಕ್ತಿಯಾಗದು.

ಈ ನಿರ್ಮಾಣದಲ್ಲಿ ಒಂದು ಕಗ್ಗಂಟು ಎದುರಾಯಿತು. ಪ್ರೋಗ್ರಾಮು ಹಿಂದೆ ಬಂದ ಭಾಗಕ್ಕೆ ಮರಳಬೇಕಾದರೆ ಅದರ ವಿಳಾಸ ಆಗಲೇ ಗೊತ್ತಿರುತ್ತದೆ. ಆದರೆ ಇನ್ನೂ ಕಟ್ಟದಿರುವ ಮುಂದಿನ ಭಾಗಕ್ಕೆ ನೆಗೆಯಬೇಕಾದರೆ ವಿಳಾಸವೆಲ್ಲಿ? ಹಾಪರ್ ಕಾಲೇಜಿನ ದಿನಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವರು. ಅಂದಿನ ಮಹಿಳೆಯರ ಆಟದಲ್ಲಿ ಚೆಂಡು ಹಿಡಿದು ಓಡುವಂತಿರಲಿಲ್ಲ. ಮುಂದಿರುವ ಗೆಳತಿಗೆ ಎಸೆದು, ತಾನು ಓಡಿಹೋಗಿ, ಅಲ್ಲಿ ಮರಳಿ ಪಡೆಯಬೇಕು. ಅದೇ ಉಪಾಯವನ್ನು ಇಲ್ಲಿ ಹೂಡಿದರು. ಸ್ಮೃತಿಯ ಕೊನೆಯಲ್ಲಿ ಒಂದು ಮೂಲೆಯನ್ನು ಕಾದಿರಿಸಿ, ಮುಂದಕ್ಕೆ ನೆಗೆಯಬೇಕಾದ ಆದೇಶವನ್ನು ಅಲ್ಲಿಗೆ ಕಳುಹಿಸಿದರು. ಗುರಿಯ ಭಾಗ ಕಟ್ಟಿದ ಮೇಲೆ ಅದರ ವಿಳಾಸವನ್ನು ಆ ಮೂಲೆಯಲ್ಲಿ ಬರೆದರು. ಆಟದ ಅಂಗಣದಲ್ಲಿ ಕಲಿತದ್ದು ವಿದ್ವತ್ತಿನ ಅಂಗಣದಲ್ಲಿ ಫಲಿಸಿತು!

1952ರ ಮೇ ತಿಂಗಳಲ್ಲಿ ಪಿಟ್ಸ್‌ಬರ್ಗಿನ ಸಭೆಯಲ್ಲಿ ಹಾಪರ್ ಈ ವಿಷಯವಾಗಿ ಮಂಡಿಸಿದ ಪ್ರಬಂಧಕ್ಕೆ ಗಣಕದ ಶಿಕ್ಷಣ ಎಂಬರ್ಥದ ಹೆಸರನ್ನಿಟ್ಟರು. ಅಧ್ಯಾಪಿಕೆಯ ಮನಸ್ಸು ಆ ಹೆಸರಿನಲ್ಲೇ ಕಾಣುತ್ತದೆ. ಆದರೆ ಯಂತ್ರವು ಲೆಕ್ಕ ಮಾತ್ರ ಮಾಡಬಲ್ಲದು, ಪ್ರೋಗ್ರಾಮು ಬರೆಯಲಾರದು ಎಂದು ಬಲ್ಲವರೇ ವಾದಿಸಿದರು. ಕಣ್ಣೆದುರಿಗೆ ನಡೆಯುತ್ತಿದ್ದ ಕಂಪೈಲರನ್ನು ಬಹುಕಾಲ ಯಾರೂ ಮುಟ್ಟಲಿಲ್ಲವಂತೆ. ಆಕೆ ಎದೆಗುಂದದೆ ಇನ್ನೊಂದು ಹೆಜ್ಜೆ ಮುಂದಿಟ್ಟರು. ವ್ಯಾಪಾರಿಗಳಿಗೂ ಗುಮಾಸ್ತರಿಗೂ ಗಣಿತದ ಸಂಕೇತಗಳು ಬೇಡ. ಅವರಿಗೆ ತಿಳಿಯುವ ಶಬ್ದಗಳಲ್ಲೇ ಯಂತ್ರಕ್ಕೆ ಆದೇಶ ಕೊಡುವಂತಾಗಬೇಕು. ಇಂಗ್ಲಿಷ್ ಶಬ್ದಗಳನ್ನು ಸ್ವೀಕರಿಸುವ ಸಣ್ಣದೊಂದು ಮಾದರಿಯನ್ನು ಸಿದ್ಧಪಡಿಸಿ ಕಂಪೆನಿಯ ಯಜಮಾನರಿಗೆ ತೋರಿಸಿದರು. ಶಬ್ದಗಳು ಯಂತ್ರದ ಪಾಲಿಗೆ ಬರಿಯ ಗುರುತುಗಳೆಂದು ತೋರಿಸಲು ಅದೇ ಪ್ರೋಗ್ರಾಮನ್ನು ಫ್ರೆಂಚಿನಲ್ಲೂ ಜರ್ಮನಿನಲ್ಲೂ ನಡೆಸಿದರು. ಯಜಮಾನರು ಬೆಚ್ಚಿಬಿದ್ದರು. ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಮರ್ಯಾದಸ್ಥ ಅಮೆರಿಕನ್ ಯಂತ್ರ ಪರಭಾಷೆಯನ್ನು ಅರಿಯುವುದೆಂದರೇನು! ಇಂಗ್ಲಿಷ್ ಒಂದರಲ್ಲೇ ಮಾಡುವೆವೆಂದು ಅವರನ್ನು ಸಮಾಧಾನಪಡಿಸಲು ತಿಂಗಳುಗಳೇ ಹಿಡಿದುವು.

ಈ ಪ್ರಸಂಗವನ್ನು ಓದಿದಾಗಲೆಲ್ಲ ಕನ್ನಡದ ಅಧ್ಯಾಪಕನಾದ ನನಗೆ ನಗುವೂ ವಿಷಾದವೂ ಒಟ್ಟಿಗೆ ಬರುತ್ತವೆ. ಗಣಕಕ್ಕೆ ಮಾತೃಭಾಷೆಯೆಂಬುದಿಲ್ಲ. 1991ರಲ್ಲಿ ಹೊರಬಂದ ಯೂನಿಕೋಡ್ ಸಂಕೇತದ ಮೊದಲ ಆವೃತ್ತಿಯಲ್ಲೇ ಕನ್ನಡ ಲಿಪಿಗೆ ಸ್ಥಾನ ದೊರೆಯಿತು. ನಮ್ಮ ಕಕಾರ ಅದರಲ್ಲಿ 3221ನೆಯ ಸಂಖ್ಯೆ. ಇಂಗ್ಲಿಷಿನ ಅಕ್ಷರವೂ ಯಂತ್ರಕ್ಕೆ ಒಂದು ಸಂಖ್ಯೆಯೇ ಹೊರತು ಹೆಚ್ಚಿನದೇನಲ್ಲ. ಹಾಪರ್ ಅದನ್ನು 1950ರ ದಶಕದಲ್ಲೇ ಪ್ರತ್ಯಕ್ಷ ಮಾಡಿ ತೋರಿಸಿದ್ದರು. ಯಂತ್ರದ ಮುಂದೆ ಕನ್ನಡ ಕೀಳೆಂದು ಯಾರಾದರೂ ಭಾವಿಸಿದರೆ ಆ ಕೀಳರಿಮೆ ಯಂತ್ರದಿಂದ ಬಂದದ್ದಲ್ಲ.

ಈ ಯತ್ನದಿಂದ ಫ್ಲೋ-ಮ್ಯಾಟಿಕ್ ಎಂಬ ಭಾಷೆ ರೂಪುಗೊಂಡಿತು. 1959ರಲ್ಲಿ ಅಮೆರಿಕಾ ಸರ್ಕಾರದ ಪ್ರತಿನಿಧಿಗಳೂ ಗಣಕ ತಯಾರಕರೂ ಕೂಡಿ, ಎಲ್ಲ ಯಂತ್ರಗಳಿಗೂ ಸಲ್ಲುವ ಒಂದು ವ್ಯವಹಾರಭಾಷೆಯನ್ನು ರೂಪಿಸಲು ಸಮಿತಿಯೊಂದನ್ನು ನೇಮಿಸಿದರು. ಕೋಬಾಲ್ ಎಂಬ ಆ ಭಾಷೆಯನ್ನು ರಚಿಸಿದವರು ಹಲವರು. ಆದರೆ ಅದರ ಬೆನ್ನೆಲುಬು ಫ್ಲೋ-ಮ್ಯಾಟಿಕ್, ಸಮಿತಿಗೆ ಸಲಹೆಗಾರರು ಹಾಪರ್. 1960ರ ಡಿಸೆಂಬರಿನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಮನ್ನು ಎರಡು ಬೇರೆ ಕಂಪೆನಿಗಳ ಯಂತ್ರಗಳ ಮೇಲೆ ನಡೆಸಿ ತೋರಿಸಿದಾಗ ಒಂದು ಹೊಸ ಯುಗ ತೆರೆಯಿತು.

ಆದರೆ ಕಷ್ಟ ಮುಗಿಯಲಿಲ್ಲ, ರೂಪ ಬದಲಾಯಿತು. ಒಬ್ಬೊಬ್ಬ ತಯಾರಕನೂ ತನ್ನದೇ ಕಂಪೈಲರನ್ನು ಕಟ್ಟಿದ; ಒಬ್ಬೊಬ್ಬನೂ ವ್ಯಾಕರಣವನ್ನು ತನಗೆ ತೋಚಿದಂತೆ ಅರ್ಥೈಸಿದ. ಒಂದು ಯಂತ್ರದಲ್ಲಿ ಸರಿಯಾಗಿ ನಡೆಯುತ್ತಿದ್ದ ಪ್ರೋಗ್ರಾಮನ್ನು ಇನ್ನೊಂದರಲ್ಲಿ ಮತ್ತೆ ಕಟ್ಟಿದರೆ ಅದು ಮುಗ್ಗರಿಸುತ್ತಿತ್ತು. ನನ್ನ ಹಳೆಯ ವಿದ್ಯಾರ್ಥಿಗಳ ಗೋಳಿನ ಹಿರಿಯ ರೂಪವಿದು. 1966ರ ಕೊನೆಯಲ್ಲಿ ವಯಸ್ಸಿನ ಕಾರಣದಿಂದ ಮೀಸಲು ಪಡೆಯಿಂದ ನಿವೃತ್ತಿ ಹೊಂದಿದ್ದ ಹಾಪರ್ ಅವರನ್ನು ನೌಕಾದಳವು ಈ ಗೊಂದಲವನ್ನು ಪರಿಹರಿಸಲೆಂದು 1967ರ ಆಗಸ್ಟಿನಲ್ಲಿ ಮರಳಿ ಕರೆಯಿತು. ಆರು ತಿಂಗಳ ಮಟ್ಟಿಗೆಂದು ಬಂದವರು ಹತ್ತೊಂಬತ್ತು ವರ್ಷ ದುಡಿದರು.

ಆಕೆ ಕಂಡುಕೊಂಡ ಪರಿಹಾರ ಸರಳ, ಅಧ್ಯಾಪಿಕೆಗೆ ಸಹಜವಾದದ್ದು. ಇಷ್ಟು ಕಾಲ ಪರೀಕ್ಷೆ ಪ್ರೋಗ್ರಾಮಿಗೆ ಮಾತ್ರವಿತ್ತು. ಇನ್ನು ಕಂಪೈಲರೂ ಪರೀಕ್ಷೆಗೆ ಕೂರಬೇಕು. ಕೋಬಾಲಿನ ಒಂದೊಂದು ನಿಯಮವನ್ನೂ ಒರೆಗೆ ಹಚ್ಚುವ ಸಣ್ಣ ಸಣ್ಣ ಪ್ರೋಗ್ರಾಮುಗಳನ್ನು ಆಕೆಯ ತಂಡ ಬರೆಯಿತು. ಅವುಗಳ ಸರಿಯುತ್ತರ ಮೊದಲೇ ಗೊತ್ತು. ಕಂಪೈಲರು ಬೇರೆ ಉತ್ತರ ಕೊಟ್ಟರೆ ದೋಷ ಬರೆದವನದಲ್ಲ, ಕಂಪೈಲರಿನದು, ತಯಾರಕನು ತಿದ್ದಬೇಕು. ಮುಂದೆ ಈ ಪದ್ಧತಿ ನೌಕಾದಳವನ್ನು ದಾಟಿ ಅಮೆರಿಕಾ ಸರ್ಕಾರದ ವ್ಯವಹಾರಕ್ಕೆಲ್ಲ ಹಬ್ಬಿತು. ಉಪಕರಣವು ಪ್ರಶ್ನಾತೀತವೆಂಬ ಭಾವನೆಯನ್ನು ಈ ಒಂದು ಕಾರ್ಯ ಅಲುಗಿಸಿತು. ಕೂಲಿಗೆ ದುಡಿಯುವ ಸಾಮಾನ್ಯ ಪ್ರೋಗ್ರಾಮರನ ತಲೆಯ ಮೇಲಿಂದ ಅಕಾರಣವಾದ ಅಪವಾದವೊಂದನ್ನು ಇಳಿಸಿತು. ಕಂಪೈಲರಿನ ಆವಿಷ್ಕಾರಕ್ಕಿಂತ ಇದು ಕಿರಿದಾದ ಸಾಧನೆಯೆಂದು ನನಗೆ ತೋರುವುದಿಲ್ಲ.

ಹಾಪರ್ ಅವರ ಪರಂಪರೆ ನಮ್ಮ ನಾಡಿನವರೆಗೆ ಹರಿದುಬಂದ ಬಗೆಯೂ ಕುತೂಹಲಕರ. 1976ರಲ್ಲಿ ಸ್ಥಾಪಿತವಾದ ಕಿಯೋನಿಕ್ಸ್ ಸಂಸ್ಥೆ, ಆರ್. ಕೆ. ಬಾಳಿಗಾ ಅವರ ದೂರದೃಷ್ಟಿಯ ಫಲವಾಗಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು 1978ರಲ್ಲಿ ಆರಂಭಿಸಿದಾಗ ಅಲ್ಲಿ ಮುಂದೆ ಏನು ಬೆಳೆಯುವುದೆಂದು ಊಹಿಸಿದವರು ವಿರಳ. 1990ರ ದಶಕದ ಉತ್ತರಾರ್ಧದಲ್ಲಿ ಜಗತ್ತಿಗೆಲ್ಲ ಒಂದು ಭಯ ಹತ್ತಿತು. ಎಂಬತ್ತು ಕಂಬಸಾಲುಗಳ ರಂಧ್ರಪತ್ರದ ಕಾಲದಲ್ಲಿ ಸ್ಥಳ ಉಳಿಸಲು ಇಸವಿಯನ್ನು ಎರಡೇ ಅಂಕೆಗಳಲ್ಲಿ ಬರೆಯುವ ಅಭ್ಯಾಸ ಬೆಳೆದಿತ್ತು. 2000ನೆಯ ಇಸವಿ ಬಂದಾಗ ಯಂತ್ರಗಳು ಅದನ್ನು 1900 ಎಂದೇ ತಿಳಿದುಬಿಟ್ಟರೆ ಬ್ಯಾಂಕುಗಳ ವಿಮಾಸಂಸ್ಥೆಗಳ ಗತಿಯೇನು? ಕೋಬಾಲಿನಲ್ಲಿ ಬರೆದ ಹಳೆಯ ಪ್ರೋಗ್ರಾಮುಗಳನ್ನು ಸಾಲುಸಾಲಾಗಿ ಶೋಧಿಸಿ, ತಿದ್ದಿ, ಮತ್ತೆ ಕಟ್ಟಿ, ಒಂದನ್ನು ತಿದ್ದಿದಾಗ ಇನ್ನೊಂದು ಕೆಡಲಿಲ್ಲವೆಂದು ಪರೀಕ್ಷಿಸುವ ಕೆಲಸದಲ್ಲಿ ಭಾರತಕ್ಕೆ ದೊಡ್ಡ ಪಾಲು ಬಂದಿತು. ಬೆಂಗಳೂರಿನ ತರುಣ ತರುಣಿಯರು ಅದನ್ನು ಸಮರ್ಥವಾಗಿ ನಿರ್ವಹಿಸಿದರು. ಬೇರೆಯವರು ದಶಕಗಳ ಹಿಂದೆ ಬರೆದುದನ್ನು ಓದಿ ತಿದ್ದುವುದೆಂದರೆ ಅದು ಗ್ರಂಥಸಂಪಾದನೆಯೇ ಸರಿ. ಈ ಊರಿನ ಸಂಪತ್ತಿನ ತಳಹದಿಯಲ್ಲಿ ಆ ಅಜ್ಞಾತ ಸಂಪಾದಕರ ಬೆವರಿದೆ. ಹಾಪರ್ ಅವರ ಹೆಸರಿನಲ್ಲಿ ಗಣಕರಂಗದ ಮಹಿಳೆಯರು ಸೇರುವ ಸಮ್ಮೇಳನವು 2010ರಲ್ಲಿ ಭಾರತಕ್ಕೆ ಬಂದಾಗ ಬೆಂಗಳೂರಿನಲ್ಲೇ ನಡೆದುದು ಉಚಿತವಾಗಿಯೇ ಇತ್ತು.

ಮುಪ್ಪಿನಲ್ಲಿಯೂ ಹಾಪರ್ ಪಾಠ ಹೇಳುವುದನ್ನು ಬಿಡಲಿಲ್ಲ. ಸುಮಾರು ಒಂದಡಿ ಉದ್ದದ ತಂತಿಯ ತುಂಡುಗಳನ್ನು ಕಟ್ಟಿಕೊಂಡು ಊರೂರು ಸುತ್ತುತ್ತಿದ್ದರು. ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಲ್ಲಿ ವಿದ್ಯುತ್ತು ಗರಿಷ್ಠವೆಂದರೆ ಅಷ್ಟೇ ದೂರ ಸಾಗಬಲ್ಲದೆಂದು ತೋರಿಸಿ, ಕೇಳುಗರಿಗೆ ಒಂದೊಂದು ತುಂಡನ್ನು ಕೊಡುತ್ತಿದ್ದರು. ಕೋಣೆಯ ಗೋಡೆಯಲ್ಲಿ ಮುಳ್ಳುಗಳು ಹಿಮ್ಮುಖವಾಗಿ ತಿರುಗುವ ಒಂದು ಗಡಿಯಾರವಿತ್ತು. ಹಾಗೆ ತಿರುಗಿದರೂ ಅದು ಸರಿಯಾದ ವೇಳೆಯನ್ನೇ ತೋರಿಸುತ್ತಿತ್ತು. ಹಿಂದಿನಿಂದ ನಡೆದುಬಂದಿದೆಯೆಂಬುದೊಂದೇ ಕಾರಣವಾಗಿ ಯಾವ ಪದ್ಧತಿಯನ್ನೂ ಒಪ್ಪಬಾರದೆಂಬುದು ಅದರ ತಾತ್ಪರ್ಯ. 1986ರ ಆಗಸ್ಟ್ 14ರಂದು, ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಪದವಿಯಿಂದ ನಿವೃತ್ತರಾದರು. 1992ರ ಜನವರಿ 1ರಂದು ತೀರಿಕೊಂಡ ಆಕೆಯನ್ನು ಆರ್ಲಿಂಗ್ಟನ್ನಿನ ರಾಷ್ಟ್ರೀಯ ಶ್ಮಶಾನದಲ್ಲಿ ಸೇನಾಮರ್ಯಾದೆಗಳೊಡನೆ ಮಣ್ಣು ಮಾಡಿದರು. 2016ರಲ್ಲಿ ಅಮೆರಿಕಾದ ಅಧ್ಯಕ್ಷರು ಸ್ವಾತಂತ್ರ್ಯ ಪದಕವನ್ನು ಮರಣೋತ್ತರವಾಗಿ ನೀಡಿದರು.

ಇಂಥ ಬಾಳಿನಿಂದ ನಮ್ಮ ಹೊರವಲಯದ ತರುಣರು ಪಡೆಯಬಹುದಾದುದೇನು? ಮತ್ತೆ ಕಟ್ಟಿದ ಮೇಲೆ ಉಪಕರಣ ಕೈಕೊಟ್ಟಾಗ ಮೊದಲು ಕಟ್ಟಡದ ಹಳೆಯ ಅವಶೇಷಗಳನ್ನೆಲ್ಲ ಗುಡಿಸಿಹಾಕಿ ಬುಡದಿಂದ ಕಟ್ಟಬೇಕು. ಕಡತಕ್ಕೂ ಸೂಚಿಗೂ ಕಾಲದ ಗುರುತು ಹೊಂದುತ್ತದೆಯೆ ಎಂದು ನೋಡಬೇಕು. ಅನಂತರ ಉತ್ತರ ಗೊತ್ತಿರುವ ಚಿಕ್ಕದೊಂದು ಪ್ರೋಗ್ರಾಮನ್ನು ಕೊಟ್ಟು ಉಪಕರಣವನ್ನೇ ಪರೀಕ್ಷಿಸಬೇಕು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಏಳು ಗಡಿಯಾರಗಳನ್ನು ಒಟ್ಟಿಗೆ ಬಿಚ್ಚಬಾರದು. ಇವು ಕೆಲಸದ ಮಾತುಗಳಾದವು. ಇದಕ್ಕಿಂತ ಹೆಚ್ಚಿನದು ಅವರ ಮೇಲಧಿಕಾರಿಗಳಿಗೂ ನಮ್ಮಂಥ ಅಧ್ಯಾಪಕರಿಗೂ ಸಂಬಂಧಿಸಿದ್ದು. ತಪ್ಪು ಕಂಡೊಡನೆ ತಪ್ಪಿತಸ್ಥನನ್ನು ಹುಡುಕುವ ಕಡೆಯಲ್ಲಿ ತಪ್ಪುಗಳು ಅಡಗಿಕೊಳ್ಳುತ್ತವೆ. ತರುಣರು ತಮ್ಮ ಅಳುಕನ್ನು ನುಂಗಿಕೊಂಡು ರಾತ್ರಿಗಳನ್ನು ಕಳೆಯುತ್ತಾರೆ. ಕಾರಣವನ್ನು ಹುಡುಕುವ ಕಡೆಯಲ್ಲಿ ಅದು ದಿನಚರಿಯ ಪುಟಕ್ಕೆ ಬರುತ್ತದೆ. ಹಾರ್ವರ್ಡಿನ ಆ ದಿನಚರಿಯನ್ನು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾದಿರಿಸಿದ್ದಾರೆ. ರೆಕ್ಕೆ ಬಿಚ್ಚಿದ ಪತಂಗ ಪುಟಕ್ಕಂಟಿಕೊಂಡಿದೆ. ಪಕ್ಕದಲ್ಲಿ ವೇಳೆ ಇದೆ, ರಿಲೇಯ ಸಂಖ್ಯೆ ಇದೆ. ಯಾರ ತಪ್ಪು ಎಂಬುದನ್ನು ಮಾತ್ರ ಅಲ್ಲಿ ಯಾರೂ ಬರೆದಿಲ್ಲ.